ಫಿಲ್ಟರಿಗೆ ಗಾಜಿನ ಉಸುಕು: ಟೆಂಡರಿನ ಸಿಲಿಕಾ ಷರತ್ತು ಬದಲಾಗಲಿ

ಮಾನ್ಯ ಸಂಪಾದಕರಿಗೆ,

ಕಬ್ಬು ನುರಿಸುವ ಹಂಗಾಮು ಮುಗಿದು ಮಳೆ ಹಿಡಿಯುವುದರೊಳಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ರಿಪೇರಿ ಕೆಲಸ ಜೋರು. ಒತ್ತಡದಲ್ಲಿ ನೀರು ಸೋಸುವ ಪ್ರೆಶರ್ ಫಿಲ್ಟರುಗಳ ಮ್ಯಾನ್‌ಹೋಲ್ ಬಿಚ್ಚಿ ಹಳೆಯ ಉಸುಕು ತೆಗೆದು ಹೊಸದು ತುಂಬುವುದೂ ಆಗಲೇ. ಜುಲೈನಲ್ಲಿ ಕೃಷ್ಣೆ, ಘಟಪ್ರಭೆಯ ನೀರು ಕೆಂಪಾಗಿ ಬರತೊಡಗಿದರೆ ಆ ಕೆಲಸಕ್ಕೆ ಬಿಡುವು ಸಿಗುವುದಿಲ್ಲ. ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಲ್ಲಿ ಕೂಲಿಂಗ್ ಟವರಿನ ಪಕ್ಕ ನಿಲ್ಲಿಸಿರುವ ಸಣ್ಣ ಫಿಲ್ಟರುಗಳ ಕಥೆಯೂ ಇದೇ. ಈ ಉಸುಕಿನ ಜಾಗಕ್ಕೆ ಒಡೆದ ಬಾಟಲಿಗಳಿಂದ ಮಾಡಿದ ಗಾಜಿನ ಉಸುಕು ಬರಬಹುದು, ಬರಬೇಕು ಎಂಬುದು ನಮ್ಮ ಮಾತು. ಅದಕ್ಕೆ ಈಗ ಎರಡು ಅಡ್ಡಿಗಳಿವೆ. ಒಂದು ಖರೀದಿಯ ಕಾಗದದಲ್ಲಿದೆ. ಇನ್ನೊಂದು, ಗಾಜು ತುಂಬಿದ ಮೇಲೂ ಫಿಲ್ಟರನ್ನು ಉಸುಕಿನಂತೆಯೇ ನಡೆಸುವ ರೂಢಿಯಲ್ಲಿದೆ.

ಮೊದಲು ಕಾಗದದ ವಿಷಯ. ಫಿಲ್ಟರ್ ಮೀಡಿಯಾದ, ಅಂದರೆ ಒಳಗೆ ತುಂಬುವ ಸೋಸುವ ಕಾಳಿನ ಟೆಂಡರುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲುಗಳು ಕುಡಿಯುವ ನೀರಿನ ಸರಬರಾಜಿಗೆಂದು ಕೇಂದ್ರ ಸರಕಾರದ ಕೈಪಿಡಿ ಹೇಳಿದವೇ: ಸಿಲಿಕಾ (ಉಸುಕಿನ ಮುಖ್ಯ ಅಂಶ) ಶೇ 90ಕ್ಕಿಂತ ಕಡಿಮೆ ಇರಬಾರದು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುವ ಭಾಗ ಶೇ 5 ಮೀರಬಾರದು, ಸುಟ್ಟಾಗ ಆಗುವ ತೂಕನಷ್ಟ ಶೇ 0.7 ಮೀರಬಾರದು. ಭಾರತೀಯ ಮಾನಕ ಐಎಸ್ 8419ರ ಮೊದಲ ಭಾಗವನ್ನು ಬರೆದಿರುವುದೂ ಉಸುಕು ಮತ್ತು ಗ್ರ್ಯಾವಲ್‌ಗಾಗಿಯೇ. ನದಿಯ ಉಸುಕಿನ ಮಟ್ಟಿಗೆ ಈ ಶೇ 90 ಸರಿಯಾದ ಕಾವಲು. ಸಿಲಿಕಾ ಕಡಿಮೆಯಾಯಿತೆಂದರೆ ಅದರಲ್ಲಿ ಸುಣ್ಣದ ಕಲ್ಲು, ಮಣ್ಣು, ಮೆತ್ತಗಿನ ಕಲ್ಲಿನ ಚೂರು ಸೇರಿದೆ ಎಂದರ್ಥ. ಆದರೆ ಬಾಟಲಿಯ ಗಾಜಿನಲ್ಲಿ ಸಿಲಿಕಾ ಇರುವುದೇ ಸುಮಾರು ಶೇ 70ರಿಂದ 73. ಉಳಿದದ್ದು ಸೋಡಾ ಮತ್ತು ಸುಣ್ಣ. ಆ ಸುಣ್ಣ ಭಟ್ಟಿಯಲ್ಲಿ ಕರಗಿ ಗಾಜಿನೊಳಗೆ ಬೆಸೆದುಕೊಂಡಿರುತ್ತದೆ. ಆಮ್ಲ ಹಾಕಿದರೆ ನೊರೆ ಬರುವುದಿಲ್ಲ. ಅಂದರೆ ಆಮ್ಲದ ಪರೀಕ್ಷೆಯಲ್ಲಿ ಪಾಸಾಗುವ ಮಾಲು ಸಿಲಿಕಾದ ಸಾಲಿನಲ್ಲಿ ಫೇಲಾಗುತ್ತದೆ. ಖರೀದಿ ವಿಭಾಗದವರು ಟಿಕ್ ಹಾಕುವ ಪಟ್ಟಿಯಲ್ಲಿ ಒಂದು ಚೌಕ ಖಾಲಿ ಉಳಿಯಿತೆಂದು ಟೆಂಡರ್ ತಿರಸ್ಕರಿಸುತ್ತಾರೆ. ಅವರದು ತಪ್ಪಲ್ಲ, ಸಾಲು ಬರೆದದ್ದೇ ಬೇರೆ ವಸ್ತುವಿಗೆ. ಗಾಜಿಗೆ ಆ ಒಂದು ಸಾಲು ತೆಗೆದು, ಕಾಳಿನ ಗಾತ್ರ, ಆಮ್ಲ, ಸುಟ್ಟ ನಷ್ಟ, ಸವೆತ ಮತ್ತು ಕಲಬೆರಕೆಯ ಷರತ್ತುಗಳನ್ನು ಬಿಗಿಯಾಗಿ ಇಟ್ಟರೆ ಸಾಕು.

ಕಾಳಿನ ಗಾತ್ರವೇ ಇಲ್ಲಿ ಮುಖ್ಯ. ಮೇಲಿನ ಪದರಕ್ಕೆ 0.5ರಿಂದ 1.0 ಮಿ.ಮೀ. ಬೇಕು. ಆ ಮಿತಿಗಿಂತ ದಪ್ಪದ್ದು ಶೇ 5, ಸಣ್ಣದ್ದು ಶೇ 5, ಅದಕ್ಕಿಂತ ಹೆಚ್ಚು ಇರಬಾರದು. ತೂಕದಲ್ಲಿ ಶೇ 60ರಷ್ಟು ಕಾಳು ಹಾಯುವ ಜರಡಿಯ ಕಣ್ಣಿನ ಅಳತೆಯನ್ನು ಶೇ 10ರಷ್ಟು ಹಾಯುವ ಕಣ್ಣಿನ ಅಳತೆಯಿಂದ ಭಾಗಿಸಿದರೆ ಬರುವ ಸಂಖ್ಯೆ 1.6ರ ಒಳಗಿರಬೇಕು. ಇದು ದೊಡ್ಡದಾದಷ್ಟೂ ಸಣ್ಣ ಕಾಳು ದೊಡ್ಡ ಕಾಳಿನ ಸಂದಿಗಳನ್ನು ಮುಚ್ಚುತ್ತದೆ, ಬ್ಯಾಕ್‌ವಾಶ್ ಮಾಡಿದಾಗ (ಕೆಳಗಿನಿಂದ ನೀರು ಬಿಟ್ಟು ಮೀಡಿಯಾ ತೊಳೆಯುವಾಗ) ಸಣ್ಣದೆಲ್ಲ ಮೇಲೆ ಬಂದು ಕೂರುತ್ತದೆ, ಕೊಳೆ ಮೇಲಿನ ಎರಡು ಇಂಚಿನಲ್ಲೇ ನಿಂತುಬಿಡುತ್ತದೆ. ಕೆಳಗಿನ ಎರಡು ಅಡಿ ಮೀಡಿಯಾಕ್ಕೆ ಕೊಟ್ಟ ರೊಕ್ಕ ದಂಡ.

ಚೀಲ ಬಂದಾಗ ಗೇಟಿನಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ, ಯಾವ ಲ್ಯಾಬೂ ಬೇಕಿಲ್ಲ. ಒಂದು ಚಮಚ ಗಾಜನ್ನು ಕರಿ ಬಟ್ಟೆಯ ಮೇಲೆ ಹರವಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಳ್ಳೆಯ ಮಾಲು ಕಲ್ಲುಸಕ್ಕರೆಯ ಪುಡಿಯಂತೆ ಮೂರೂ ಕಡೆ ಹೆಚ್ಚುಕಡಿಮೆ ಸಮನಾಗಿ, ಅಂಚು ಮೊಂಡಾಗಿ ಕಾಣುತ್ತದೆ. ಸೂಜಿಯಂತೆ ಉದ್ದ, ಮೀನಿನ ಪೊರೆಯಂತೆ ಚಪ್ಪಟೆ ಚೂರುಗಳು ಕಂಡರೆ ಅದು ಬರೀ ಒಡೆದ ಗಾಜು, ಉಜ್ಜಿ ಮೊಂಡು ಮಾಡಿದ್ದಲ್ಲ. ಚಪ್ಪಟೆ ಚೂರು ಒಂದರ ಮೇಲೊಂದು ಹಾಸಿಕೊಂಡು ನೀರಿನ ದಾರಿ ಕಟ್ಟುತ್ತವೆ, ತುಂಬುವವರ ಕೈಯನ್ನೂ ಕೊಯ್ಯುತ್ತವೆ. ಆಮೇಲೆ ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ 200 ಗ್ರಾಂ ಗಾಜು ಹಾಕಿ, ನೀರು ತುಂಬಿ, ಅಲುಗಿಸಿ ಒಂದು ನಿಮಿಷ ಬಿಡಿ. ನೀರು ಹಾಲಿನಂತೆ ಉಳಿದರೆ ತೊಳೆಯದ ಪುಡಿ. ಮೇಲೆ ಕಾಗದ, ಪ್ಲಾಸ್ಟಿಕ್, ಬೆಂಡು ತೇಲಿದರೆ ಲೇಬಲ್ ಮತ್ತು ಬಿರಡೆ ತೆಗೆಯದೆ ಅರೆದಿದ್ದಾರೆ. ಒಂದು ಹನಿ ಆಮ್ಲಕ್ಕೆ ಗುಳ್ಳೆ ಎದ್ದರೆ ಕಟ್ಟಡದ ಕಸ ಸೇರಿದೆ. ಅಯಸ್ಕಾಂತ ಆಡಿಸಿದರೆ ಬಾಟಲಿ ಮುಚ್ಚಳದ ತಗಡು ಅಂಟುತ್ತದೆ. ಹಂಚಿನ ಮೇಲೆ ಹಿಡಿ ಗಾಜು ಕಾಯಿಸಿದಾಗ ಸುಟ್ಟ ಸಕ್ಕರೆಯ, ಅಂಟಿನ ವಾಸನೆ ಬಂದರೆ ಬಾಟಲಿ ತೊಳೆದಿಲ್ಲ. ಅಂಥ ಮೀಡಿಯಾದಲ್ಲಿ ಹದಿನೈದು ದಿನದಲ್ಲಿ ಲೋಳೆ ಕಟ್ಟುತ್ತದೆ, ಆಗ ಬೈಯಿಸಿಕೊಳ್ಳುವುದು ಗಾಜು.

ಟ್ಯೂಬ್‌ಲೈಟು, ಹಳೆಯ ಟಿವಿಯ ಪರದೆ, ಕನ್ನಡಿ, ವಾಹನದ ಮುಂಗಾಜು ಇವುಗಳಲ್ಲಿ ಯಾವುದೂ ಸೇರಕೂಡದು. ಟ್ಯೂಬ್‌ಲೈಟಿನಲ್ಲಿ ಪಾದರಸ, ಟಿವಿ ಗಾಜಿನಲ್ಲಿ ಸೀಸ, ಮುಂಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬಾಟಲಿ ಗಾಜು ಮತ್ತು ಬಣ್ಣ ಹಚ್ಚದ ಕಿಟಕಿ ಗಾಜು ಮಾತ್ರ ಎಂದು ಪೂರೈಕೆದಾರರಿಂದ ಬರೆಸಿಕೊಳ್ಳಬೇಕು. ಹಸಿರು ಗಾಜೇ ಬೇಕು, ಬಿಳಿಯದು ನಡೆಯದು ಎಂದು ಹೇಳುವವರಿದ್ದಾರೆ. ಬರೀ ಸೋಸುವ ಕೆಲಸಕ್ಕೆ ಬಣ್ಣದಿಂದ ವ್ಯತ್ಯಾಸವಿಲ್ಲ. ಮೇಲ್ಮೈಯನ್ನು ರಾಸಾಯನಿಕವಾಗಿ ಸಂಸ್ಕರಿಸಿದ ‘ಆಕ್ಟಿವೇಟೆಡ್’ ಗಾಜು ಬೇರೆಯೇ ಮಾಲು, ಅದರ ದರವೂ ಬೇರೆ. ಸಾದಾ ಗಾಜಿಗೆ ಆ ದರ ಕೊಡಬೇಡಿ.

ಇನ್ನು ಲೆಕ್ಕ. 1,200 ಮಿ.ಮೀ. ವ್ಯಾಸದ ಫಿಲ್ಟರನ್ನೇ ತೆಗೆದುಕೊಳ್ಳೋಣ, ಸಣ್ಣ ಕಾರ್ಖಾನೆಗಳಲ್ಲಿ ಈ ಅಳತೆ ಸಾಮಾನ್ಯ. ಅಡ್ಡ ಕೊಯ್ತದ ವಿಸ್ತೀರ್ಣ 1.13 ಚದರ ಮೀಟರ್. ಸೋಸುವ ಪದರ 750 ಮಿ.ಮೀ. ಎಂದರೆ 0.85 ಘನ ಮೀಟರ್ ಮೀಡಿಯಾ. ಉಸುಕಾದರೆ ಸುಮಾರು 1.3 ಟನ್. ಗಾಜಿನ ರಾಶಿಯ ಸಾಂದ್ರತೆ ಕಡಿಮೆ, ಲೀಟರಿಗೆ ಸುಮಾರು 1.3 ಕಿಲೋ. ಹಾಗಾಗಿ 1.1 ಟನ್ ಸಾಕು. ಇಲ್ಲೇ ಮೊದಲ ಎಡವಟ್ಟು. ಹಳೆಯ ಆರ್ಡರಿನಲ್ಲಿದ್ದ ಟನ್ನಿನ ಲೆಕ್ಕವನ್ನೇ ಮತ್ತೆ ಬರೆದು 1.3 ಟನ್ ಗಾಜು ತರಿಸಿ, ತಂದದ್ದನ್ನೆಲ್ಲ ತುಂಬಿದರೆ ಪದರ 130 ಮಿ.ಮೀ.ನಷ್ಟು ಮೇಲೇರುತ್ತದೆ. ಬ್ಯಾಕ್‌ವಾಶ್‌ನಲ್ಲಿ ಮೀಡಿಯಾ ಉಬ್ಬಲು ಬಿಟ್ಟ ಜಾಗ ಅಷ್ಟು ಕಡಿಮೆಯಾಗಿ, ಗಾಜು ಮೋರಿ ಸೇರುತ್ತದೆ. ಆರ್ಡರನ್ನು ಲೀಟರಿನಲ್ಲಿ ಕೊಡಿ, ಟನ್ನಿನಲ್ಲಿ ಬೇಡ.

ತುಂಬುವ ಮೊದಲು ಹಳೆಯ ಉಸುಕನ್ನು ಪೂರ್ತಿ ತೆಗೆಯಬೇಕು. ಅರ್ಧ ತೆಗೆದು ಮೇಲೆ ಗಾಜು ಹಾಕಿದರೆ ಕೆಳಗಿನ ಮಣ್ಣಿನ ಉಂಡೆಗಳು ಅಲ್ಲೇ ಉಳಿದು, ನೀರು ಅವುಗಳ ಪಕ್ಕದಿಂದ ದಾರಿ ಮಾಡಿಕೊಂಡು ಹೋಗುತ್ತದೆ. ಖಾಲಿ ಪಾತ್ರೆಗೆ ಇಳಿಯುವವರು ಒಬ್ಬರೇ ಇಳಿಯಬಾರದು. ಗಾಳಿ ಆಡುವಂತೆ ಬ್ಲೋವರ್ ಹಚ್ಚಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಬೇಕು. ತಳದಲ್ಲಿ ನೀರು ಬಿಟ್ಟು ಕಾಳು ತಡೆಯುವ ಸ್ಟ್ರೇನರ್‌ಗಳನ್ನು ಒಂದೊಂದಾಗಿ ನೋಡಿ, ಸೀಳಿದವನ್ನು ಬದಲಿಸಿ. ಒಂದೇ ಒಂದು ಸ್ಟ್ರೇನರ್ ಒಡೆದಿದ್ದರೂ ಗಾಜು ಕೂಲಿಂಗ್ ಟವರಿನ ತೊಟ್ಟಿಗೆ ಹೋಗಿ, ಅಲ್ಲಿಂದ ಪಂಪಿನ ಸೀಲ್ ತಿನ್ನುತ್ತದೆ. ಸ್ಟ್ರೇನರ್ ಮುಳುಗುವಷ್ಟು ನೀರು ಬಿಟ್ಟುಕೊಂಡು ಆಮೇಲೆ ಖಡಿ ಹಾಕಬೇಕು. ಒಣ ಪಾತ್ರೆಗೆ ಮೇಲಿಂದ ಖಡಿ ಸುರಿದರೆ ಪ್ಲಾಸ್ಟಿಕ್ ಸ್ಟ್ರೇನರ್ ಅದೇ ಪೆಟ್ಟಿಗೆ ಮುರಿಯುತ್ತದೆ. ಕೆಳಗೆ 6ರಿಂದ 12 ಮಿ.ಮೀ. ಖಡಿ, ಅದರ ಮೇಲೆ 3ರಿಂದ 6 ಮಿ.ಮೀ., ಆಮೇಲೆ 1ರಿಂದ 3 ಮಿ.ಮೀ., ಕೊನೆಗೆ ಸಣ್ಣ ಗಾಜು. ನಡುವಿನ ಎರಡು ಪದರ ತಲಾ 100 ಮಿ.ಮೀ. ಇದ್ದರೆ ಸಾಕು, ಅವೂ ಗಾಜಿನದಾದರೆ ನಡೆಯುತ್ತದೆ. ಪ್ರತಿ ಪದರವನ್ನು ಹಲಗೆಯಿಂದ ಮಟ್ಟ ಮಾಡಿ. ರಾತ್ರಿಯಿಡೀ ನೀರಿನಲ್ಲಿ ನೆನೆಯಲಿ. ಒಣ ಗಾಜಿನ ಸಂದಿಯಲ್ಲಿ ಹಿಡಿದ ಗಾಳಿ ಹೋಗದೆ ಬ್ಯಾಕ್‌ವಾಶ್ ಕೊಟ್ಟರೆ ಗುಳ್ಳೆಯ ಜೊತೆ ಕಾಳೂ ಏಳುತ್ತದೆ. ಕೈಗವಸು, ಕನ್ನಡಕ, ಮಾಸ್ಕ್ ಕಡ್ಡಾಯ. ಗಾಜಿನ ಸಿಲಿಕಾ ಹರಳುಗಟ್ಟಿದ್ದಲ್ಲವಾದ್ದರಿಂದ ಫೌಂಡ್ರಿ ಉಸುಕಿನ ಧೂಳಿನಂತೆ ಸಿಲಿಕೋಸಿಸ್ ತರುವ ವಸ್ತುವಲ್ಲ. ಒಣ ಉಸುಕಿನ ಚೀಲ ಸುರಿಯುವ ಕಾರ್ಮಿಕರ ಪುಪ್ಪುಸದ ದೃಷ್ಟಿಯಿಂದ ಇದು ಗಾಜಿನ ಪರವಾದ ದೊಡ್ಡ ಕಾರಣ, ಇದನ್ನು ಯಾರೂ ಹೇಳುತ್ತಿಲ್ಲ. ಹಾಗಂತ ಗಾಜಿನ ಧೂಳು ಕಣ್ಣಿಗೆ, ಗಂಟಲಿಗೆ ಒಳ್ಳೆಯದೇನಲ್ಲ.

ಗಾಜು ಗೆಲ್ಲುವುದು, ಸೋಲುವುದು ಎರಡೂ ಬ್ಯಾಕ್‌ವಾಶ್‌ನಲ್ಲಿ. ಉಸುಕಿನ ಸಾಪೇಕ್ಷ ಸಾಂದ್ರತೆ 2.65, ಗಾಜಿನದು 2.5. ನೋಡಲು ವ್ಯತ್ಯಾಸ ಸಣ್ಣದು. ಆದರೆ ನೀರಿನಲ್ಲಿ ಮುಳುಗಿದ ಕಾಳಿನ ತೂಕ ಲೆಕ್ಕಕ್ಕೆ ಬರುವುದು ನೀರಿನ ಭಾರ ಕಳೆದ ಮೇಲೆ. ಆಗ 1.65ಕ್ಕೆ 1.5, ಅಂದರೆ ಗಾಜು ಶೇ 9ರಷ್ಟು ಹಗುರ. ಹೀಗಾಗಿ ಅದೇ ಗಾತ್ರದ ಉಸುಕಿಗಿಂತ ಕಡಿಮೆ ನೀರಿಗೆ ಗಾಜು ಉಬ್ಬುತ್ತದೆ. ಉಸುಕಿಗೆ ಗಂಟೆಗೆ 42 ಮೀಟರ್ ವೇಗ ಇಟ್ಟ ಕಡೆ ಗಾಜಿಗೆ 35ರಿಂದ ಶುರು ಮಾಡಬಹುದು. ನಮ್ಮ 1,200 ಮಿ.ಮೀ. ಫಿಲ್ಟರಿನಲ್ಲಿ ಅದು ನಿಮಿಷಕ್ಕೆ 790 ಲೀಟರಿನ ಬದಲು 660 ಲೀಟರ್. ಹತ್ತು ನಿಮಿಷದ ಒಂದು ಬ್ಯಾಕ್‌ವಾಶ್‌ಗೆ 1,300 ಲೀಟರ್ ಉಳಿಯಿತು. ದಿನಕ್ಕೊಮ್ಮೆ, ವರ್ಷಕ್ಕೆ 300 ದಿನ ಎಂದರೆ 3.9 ಲಕ್ಷ ಲೀಟರ್. ಟ್ಯಾಂಕರಿನಿಂದ ನೀರು ಕೊಳ್ಳುವ ವಿಜಯಪುರದ ಸಣ್ಣ ಘಟಕಕ್ಕೆ ಇದು ಚಿಲ್ಲರೆ ಉಳಿತಾಯವಲ್ಲ. ಆದರೆ ವಾಲ್ವನ್ನು ಹಳೆಯ ಗುರುತಿಗೇ ತಿರುಗಿಸಿದರೆ ನೀರೂ ಉಳಿಯುವುದಿಲ್ಲ, ಗಾಜೂ ಉಳಿಯುವುದಿಲ್ಲ.

ವೇಗ ಗೊತ್ತು ಮಾಡಲು ಬ್ಯಾಕ್‌ವಾಶ್ ನೀರು ಬೀಳುವ ಪೈಪಿನ ಬಾಯಿಗೆ ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ನೈಲಾನ್ ಬಟ್ಟೆ ಹಿಡಿಯಿರಿ. ವಾಲ್ವನ್ನು ಎರಡು ನಿಮಿಷದಲ್ಲಿ ನಿಧಾನವಾಗಿ ತೆರೆಯುತ್ತ ಹೋಗಿ. ಒಮ್ಮೆಲೇ ತೆರೆದರೆ ಇಡೀ ಪದರ ಗಟ್ಟಿ ಮುದ್ದೆಯಾಗಿ ಎದ್ದು, ಕೆಳಗಿನ ಖಡಿಯ ಸಾಲು ಅಡಿಮೇಲಾಗುತ್ತದೆ. ಬಟ್ಟೆಯ ಮೇಲೆ ಹೊಳೆಯುವ ಕಾಳು ಕಾಣತೊಡಗಿದ ಕೂಡಲೇ ಅಲ್ಲಿಂದ ಸ್ವಲ್ಪ ಹಿಂದಕ್ಕೆ ತಿರುಗಿಸಿ, ವಾಲ್ವಿನ ಮೇಲೆ ಬಣ್ಣದ ಗುರುತು ಹಾಕಿ. ಮೊದಲ ಒಂದೆರಡು ಬ್ಯಾಕ್‌ವಾಶ್‌ನಲ್ಲಿ ಬಿಳಿ ಪುಡಿ ಬರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಗಾಳಿ ಊದುವ ವ್ಯವಸ್ಥೆ ಇದ್ದಲ್ಲಿ ನೀರನ್ನು ಪದರದ ಮೇಲೆ ಒಂದು ಗೇಣಿನಷ್ಟಕ್ಕೆ ಇಳಿಸಿಕೊಂಡೇ ಗಾಳಿ ಬಿಡಬೇಕು. ಗಾಳಿ ಮತ್ತು ಪೂರ್ಣ ನೀರು ಒಟ್ಟಿಗೆ ಬಿಟ್ಟರೆ ಗಾಜು ಹೊರಬೀಳುವುದು ಖಂಡಿತ.

ಈ ಗುರುತು ವರ್ಷವಿಡೀ ಒಂದೇ ಅಲ್ಲ. 20 ಡಿಗ್ರಿ ನೀರಿಗಿಂತ 30 ಡಿಗ್ರಿ ನೀರಿನ ಸ್ನಿಗ್ಧತೆ ಶೇ 20ರಷ್ಟು ಕಡಿಮೆ. ಬೇಸಿಗೆಯ ತೆಳು ನೀರು ಕಾಳನ್ನು ಅಷ್ಟು ಎತ್ತುವುದಿಲ್ಲ. ಡಿಸೆಂಬರಿನಲ್ಲಿ ಬೆಳಗಾವಿಯ ಚಳಿಯಲ್ಲಿ ಸರಿಯಾಗಿದ್ದ ಗುರುತು ಏಪ್ರಿಲ್‌ನಲ್ಲಿ ಸಾಲದು. ಏಪ್ರಿಲ್‌ನಲ್ಲಿ ಇಟ್ಟ ಗುರುತು ಡಿಸೆಂಬರಿನಲ್ಲಿ ಗಾಜನ್ನು ಮೋರಿಗೆ ಹಾಕುತ್ತದೆ. ಎರಡು ಬಣ್ಣದ ಎರಡು ಗುರುತು ಇರಲಿ.

ಪ್ರೆಶರ್ ಗೇಜಿನ ವಿಷಯದಲ್ಲೂ ಹಳೆಯ ಅಂಕಿ ದಾರಿ ತಪ್ಪಿಸುತ್ತದೆ. ಒಳಬರುವ ಮತ್ತು ಹೊರಹೋಗುವ ನೀರಿನ ಒತ್ತಡದ ವ್ಯತ್ಯಾಸ ಚದರ ಸೆಂ.ಮೀ.ಗೆ 0.8 ಕಿಲೋ ಮುಟ್ಟಿದಾಗ ಬ್ಯಾಕ್‌ವಾಶ್ ಎಂಬುದು ಉಸುಕಿನ ಲೆಕ್ಕ. ಗಾಜಿನಲ್ಲಿ ಸಂದಿ ದೊಡ್ಡದಾದ್ದರಿಂದ ಕೊಳೆ ಆಳಕ್ಕೆ ಇಳಿಯುತ್ತದೆ, ಮುಳ್ಳು ನಿಧಾನಕ್ಕೆ ಏರುತ್ತದೆ. 0.8 ಬರಲಿ ಎಂದು ಕಾಯ್ದರೆ ಅಷ್ಟರೊಳಗೆ ಕೊಳೆ ಆಚೆ ದಾಟಿರುತ್ತದೆ. ತೊಳೆದ ಕೂಡಲೇ ಎಷ್ಟಿತ್ತೋ ಅದರ ಮೇಲೆ 0.4 ಏರಿದಾಗ, ಇಲ್ಲವೇ 24 ಗಂಟೆಗೊಮ್ಮೆ, ಯಾವುದು ಮೊದಲೋ ಆಗ ತೊಳೆಯಬೇಕು. ಎರಡು ಗೇಜುಗಳಲ್ಲಿ ಒಂದು ಸುಳ್ಳು ಹೇಳುವುದು ಮಾಮೂಲು. ಒಂದೇ ಗೇಜಿಗೆ ಎರಡು ಕಾಕ್ ಕೂಡಿಸಿ ಎರಡೂ ಕಡೆ ಓದಿದರೆ ಗೇಜಿನ ತಪ್ಪು ಎರಡೂ ಕಡೆ ಒಂದೇ ಆಗಿ ವಜಾ ಆಗುತ್ತದೆ.

ಪೂರೈಕೆದಾರರ ಕರಪತ್ರಗಳು ಗಾಜು ಉಸುಕಿಗಿಂತ ಎಷ್ಟೋ ಪಟ್ಟು ಸ್ವಚ್ಛವಾಗಿ ಸೋಸುತ್ತದೆ ಎನ್ನುತ್ತವೆ. ಸಾದಾ ಗಾಜಿನ ಬಗ್ಗೆ ಅಷ್ಟು ಹೇಳಲಾಗದು. ಸರಿಯಾದ ಗಾತ್ರದ್ದಾದರೆ ಉಸುಕಿನ ಸಮಕ್ಕೆ ಸೋಸುತ್ತದೆ. ಅದರ ನಿಜವಾದ ಲಾಭ ಕಡಿಮೆ ನೀರಿಗೆ ಚೊಕ್ಕ ತೊಳೆದುಕೊಳ್ಳುವುದರಲ್ಲಿದೆ. ಮೈ ನುಣುಪಾದ್ದರಿಂದ ಲೋಳೆಗೆ ಹಿಡಿತ ಕಡಿಮೆ. ಸೋಸುವ ವೇಗವನ್ನು ಗಂಟೆಗೆ 12 ಮೀಟರಿನ ಒಳಗಿಡಿ, ಅಂದರೆ ಮೇಲೆ ಹೇಳಿದ ಫಿಲ್ಟರಿನಲ್ಲಿ ಗಂಟೆಗೆ 13,500 ಲೀಟರ್. ಕೊಳೆಯನ್ನು ಗಂಟುಕಟ್ಟಿಸುವ ಪಾಲಿಮರ್ ಹೆಚ್ಚಾಗಿ ಡೋಸ್ ಮಾಡಿದರೆ ಗಾಜೂ ಕಾಳಿಗೆ ಕಾಳು ಅಂಟಿ ಉಂಡೆಯಾಗುತ್ತದೆ.

ಗಾಜು ಮಾಡಲಾಗದ ಕೆಲಸವನ್ನು ಅದರ ತಲೆಗೆ ಕಟ್ಟಬಾರದು. ನೀರಿನಲ್ಲಿ ಕರಗಿದ್ದನ್ನು ಅದು ಹಿಡಿಯುವುದಿಲ್ಲ. ಬಾಗಲಕೋಟೆ, ವಿಜಯಪುರದ ಬೋರ್‌ವೆಲ್ ನೀರಿನ ಗಡಸುತನ, ಫ್ಲೋರೈಡ್, ಉಪ್ಪು ಹಾಗೇ ಹಾದು ಹೋಗುತ್ತವೆ. ಅದಕ್ಕೆ ಸಾಫ್ಟ್‌ನರ್, ಆರ್‌ಓ ಬೇರೆಯೇ ಬೇಕು. ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕಿದ ನೀರಿನ ಬಣ್ಣ ಹೋಗದು. ಕಬ್ಬಿಣದ ಅಂಶವಿದ್ದರೆ ಮೊದಲು ಗಾಳಿ ಅಥವಾ ಕ್ಲೋರಿನ್ ಕೊಟ್ಟು ತುಕ್ಕಾಗಿಸಿ ಆಮೇಲೆ ಸೋಸಬೇಕು. ಮಳೆಗಾಲದ ಹೊಳೆ ನೀರನ್ನು ಆಲಂ ಹಾಕಿ ತಿಳಿ ಮಾಡದೆ ನೇರ ಬಿಟ್ಟರೆ ಯಾವ ಮೀಡಿಯಾವೂ ಗಂಟೆಗಟ್ಟಲೆ ನಿಲ್ಲದು. ತೇಲುವ ಕೊಳೆ ಲೀಟರಿಗೆ 50 ಮಿಲಿಗ್ರಾಂ ಒಳಗಿರಲಿ. ಮಷೀನ್ ಶಾಪಿನ ಕೂಲೆಂಟ್ ಎಣ್ಣೆ ಬೆರೆತ ನೀರು ಬೇಡವೇ ಬೇಡ.

ಸಕ್ಕರೆ ಕಾರ್ಖಾನೆಯವರಿಗೆ ಒಂದು ಎಚ್ಚರಿಕೆ: ಕಂಡೆನ್ಸೇಟ್ (ಹಬೆ ತಣಿದು ಆದ ನೀರು) ಮತ್ತು ಬಾಯ್ಲರ್ ಬ್ಲೋಡೌನ್ (ಬಾಯ್ಲರಿನಿಂದ ಹೊರಬಿಡುವ ನೀರು) ಲೈನಿಗೆ ಗಾಜು ಹಾಕಬೇಡಿ. ಬಿಸಿ, ಅದರಲ್ಲೂ ಪಿಎಚ್ 10 ದಾಟಿದ ಬಿಸಿ ನೀರಿನಲ್ಲಿ ಗಾಜು ನಿಧಾನಕ್ಕೆ ಕರಗಿ ಸಿಲಿಕಾ ಬಿಡುತ್ತದೆ. ಆ ಸಿಲಿಕಾ ಬಾಯ್ಲರಿಗೆ ಮರಳಿ, ಹಬೆಯೊಂದಿಗೆ ಹೋಗಿ ಟರ್ಬೈನಿನ ಬ್ಲೇಡಿನ ಮೇಲೆ ಕೂತರೆ ತೆಗೆಯುವುದು ಸುಲಭವಲ್ಲ. ಹೊಳೆಯ ತಣ್ಣೀರಿನ ಫಿಲ್ಟರು, ಕೂಲಿಂಗ್ ಟವರಿನ ಸುತ್ತುನೀರಿನ ಶೇ 2ರಿಂದ 5ರಷ್ಟನ್ನು ಸೋಸುವ ಪಕ್ಕದ ಫಿಲ್ಟರು, ಆರ್‌ಓ ಮುಂದಿನ ಫಿಲ್ಟರು ಇವು ಅದರ ಸರಿಯಾದ ಜಾಗ. ಕುಡಿಯುವ ನೀರಿಗಾದರೆ ಎನ್‌ಎಸ್‌ಎಫ್ 61ರಂಥ, ಕುಡಿಯುವ ನೀರಿಗೆ ತಾಗುವ ವಸ್ತುಗಳ ಸುರಕ್ಷತೆಯ ಪ್ರಮಾಣಪತ್ರ ಇಲ್ಲದ ಗಾಜನ್ನು ಮುಟ್ಟಬಾರದು.

ಇಷ್ಟು ಗಾಜು ನಮ್ಮಲ್ಲೇ ಬಿದ್ದಿದೆ. ಇಡೀ ಬಾಟಲಿ ತೊಳೆದು ಮತ್ತೆ ತುಂಬಲು ಹೋಗುತ್ತದೆ, ಹೋಗಲಿ, ಅದೇ ಅತ್ಯುತ್ತಮ. ಒಡೆದದ್ದಕ್ಕೆ ಗುಜರಿಯಲ್ಲಿ ಬೆಲೆ ಇಲ್ಲ. ತೂಕ ಭಾರ, ದರ ಹಗುರ, ಉತ್ತರ ಪ್ರದೇಶದ ಫಿರೋಜಾಬಾದಿನಂಥ ದೂರದ ಗಾಜಿನ ಭಟ್ಟಿಗೆ ಸಾಗಿಸಿದರೆ ಲಾರಿ ಬಾಡಿಗೆಯೇ ನುಂಗುತ್ತದೆ. ಅದಕ್ಕೇ ಅದು ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಉಳಿದು ಎತ್ತಿನ ಗೊರಸು ಕೊಯ್ಯುತ್ತದೆ. ಇಲ್ಲೇ ತೊಳೆದು, ಅರೆದು, ಉರುಳುವ ಡ್ರಮ್ಮಿನಲ್ಲಿ ಅಂಚು ಮೊಂಡು ಮಾಡಿ, ಒಣಗಿಸಿ ಜರಡಿ ಹಿಡಿದರೆ ಕೊಳ್ಳುವವರು ಐವತ್ತು ಕಿಲೋಮೀಟರಿನೊಳಗಿದ್ದಾರೆ. ಎಂ-ಸ್ಯಾಂಡ್ ಘಟಕದ ಯಂತ್ರದಲ್ಲೇ ಅರೆಯಬಹುದಲ್ಲ ಎಂಬ ಸಲಹೆಯೂ ಕೇಳಿಬರುತ್ತದೆ. ಅದೇ ಯಂತ್ರ ಬೆಳಗ್ಗೆ ಕಲ್ಲು, ಸಂಜೆ ಗಾಜು ಅರೆದರೆ ಕಲ್ಲಿನ ಪುಡಿ ಸೇರಿ ಮಾಲು ಕೆಡುತ್ತದೆ. ಗಾಜಿಗೆ ಪ್ರತ್ಯೇಕ ಸಾಲೇ ಬೇಕು. ಫೌಂಡ್ರಿಯಲ್ಲಿ ಬಳಸಿ ಬಿಸಾಡಿದ ಉಸುಕನ್ನು ಫಿಲ್ಟರಿಗೆ ಹಾಕೋಣ ಎನ್ನುವವರಿಗೂ ಇದೇ ಉತ್ತರ: ಅದರಲ್ಲಿ ಉಸುಕನ್ನು ಅಂಟಿಸುವ ಬೈಂಡರ್, ಬೆಂಟೊನೈಟ್ ಜೇಡಿಮಣ್ಣು, ಲೋಹದ ಚೂರು ಇರುತ್ತದೆ, ಬೇಡ.

ಪರೀಕ್ಷೆಗೆ ಸೌಲಭ್ಯವಿಲ್ಲ ಎಂಬ ನೆಪ ಬೆಳಗಾವಿಯಲ್ಲಿ ನಡೆಯದು. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ಲ್ಯಾಬಿನ ಜರಡಿಗಳು 1.18 ಮಿ.ಮೀ.ನಿಂದ 600 ಮೈಕ್ರಾನ್‌ಗೆ, ಅಲ್ಲಿಂದ 300ಕ್ಕೆ ಜಿಗಿಯುತ್ತವೆ. ನಮಗೆ ಬೇಕಾದ ಗಾತ್ರ ಆ ಸಂದಿಯಲ್ಲೇ ಇದೆ. ಆದರೆ ಫೌಂಡ್ರಿಗಳ ಉಸುಕಿನ ಲ್ಯಾಬಿನಲ್ಲಿ 850, 600, 425 ಮೈಕ್ರಾನ್ ಜರಡಿಗಳು, ಅವನ್ನು ಅಲುಗಿಸುವ ಯಂತ್ರ ಮೊದಲಿಂದಲೂ ಇವೆ. ಅದಕ್ಕೆ 1.0 ಮಿ.ಮೀ. ಮತ್ತು 500 ಮೈಕ್ರಾನಿನ ಎರಡು ಜರಡಿ ಸೇರಿಸಿದರೆ ಆಯಿತು. ಉದ್ಯಮಿಗಳ ಸಂಘಗಳು ಈ ಲ್ಯಾಬುಗಳನ್ನು ವಾರಕ್ಕೊಂದು ದಿನ ಸಣ್ಣ ಕಾರ್ಖಾನೆಗಳಿಗೆ ತೆರೆದಿಡಲಿ. ಇಲ್ಲಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಕಾರ್ಖಾನೆಗಳಿಗಾಗಿ ಗಾಜಿನ ಮೀಡಿಯಾದ ಖರೀದಿ ಷರತ್ತಿನ ಮಾದರಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಲಿ. ಮುಂದಿನ ರಿಪೇರಿಯ ಟೆಂಡರ್ ಹೊರಡುವುದು ಹಂಗಾಮು ಮುಗಿಯುವ ಹೊತ್ತಿಗೆ. ಸಿಲಿಕಾದ ಸಾಲು ಅದಕ್ಕೂ ಮೊದಲು ತಿದ್ದಿರಬೇಕು. ಗಾಜು ತುಂಬಿದ ಮೇಲೆ ಮ್ಯಾನ್‌ಹೋಲಿನ ಅಂಚಿನಿಂದ ಪದರದ ತನಕ ಎಷ್ಟು ಅಂತರವಿದೆ ಎಂದು ಅಳೆದು ಪಾತ್ರೆಯ ಮೇಲೆ ಬಣ್ಣದಲ್ಲಿ ಬರೆದಿಡಿ, ವರ್ಷದ ಮೇಲೆ ಮತ್ತೆ ಅಳೆಯಿರಿ. 1,200 ಮಿ.ಮೀ. ಪಾತ್ರೆಯಲ್ಲಿ ಒಂದು ಇಂಚು ಇಳಿದಿದ್ದರೆ 37 ಕಿಲೋ ಗಾಜು ಮೋರಿಗೆ ಹೋಗಿದೆ, ವಾಲ್ವಿನ ಗುರುತು ತಪ್ಪಿದೆ.

— ನೀರು ಶುದ್ಧೀಕರಣ ಘಟಕಗಳ ನಿರ್ವಹಣಾ ತಂತ್ರಜ್ಞರು,
ಉದ್ಯಮಬಾಗ, ಬೆಳಗಾವಿ